ಹಳದಿ ಮಾತ್ರೆ ಬಂದ ಮೇಲೆ

ಮಲ್ಪೆ ಬಂದರಿನಲ್ಲಿ ಮೀನು ಮಾರುವ ಸರಸಳ ಬಾಯಿಗೆ ಹೆದರದವರಿಲ್ಲ. ಅಂಥವಳು ಆ ತಿಂಗಳು ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಗಂಡ ಕೂಸಪ್ಪನ ಕೈಯನ್ನೇ ನೋಡುತ್ತಿದ್ದಳು. ಅವನಿಗೆ ಹಿಂದೆ ಫಿಟ್ಸ್ ಬರುತ್ತಿತ್ತು. ಹಾಗಾಗಿ ಬೋಟು ಹತ್ತುವುದನ್ನು ಬಿಟ್ಟು ದಡದಲ್ಲಿ ಬಲೆ ಹೆಣೆಯಲು ಕೂತವನು, ಮಾತ್ರೆ ತಿಂದುಕೊಂಡು ಆರು ವರ್ಷ ಸುಖವಾಗಿದ್ದ. ಈಗ ಮೆಡಿಕಲ್‌ನಲ್ಲಿ ಬಿಳಿ ಮಾತ್ರೆಯ ಬದಲು ಬೇರೆ ಕಂಪೆನಿಯ ಅಗ್ಗದ ಹಳದಿ ಮಾತ್ರೆ ಕೊಟ್ಟಿದ್ದರು. ವಾರ ಕಳೆಯುವಷ್ಟರಲ್ಲಿ, ಹೆಣೆಯುವ ಕೈ ನಡುವೆಯೇ ನಿಲ್ಲತೊಡಗಿತು. ದೃಷ್ಟಿ ಎಲ್ಲೋ. ಕರೆದರೆ ಕೇಳುವುದಿಲ್ಲ. ಆಮೇಲೆ ಏನೂ ಆಗದವನಂತೆ ಮುಂದುವರಿಸುತ್ತಾನೆ, ಅಲ್ಲಿ ಬಲೆಯ ಒಂದು ಕಣ್ಣು ತಪ್ಪಿರುತ್ತದೆ.

ಬೋಟಿನ ಧಣಿ ಚೆನ್ನಪ್ಪ ಬಲೆ ಬಿಡಿಸಿ ನೋಡಿದ. "ಕೂಸಪ್ಪನ ಕೈ ಹೋಯಿತು ಮಾರಾಯ್ತಿ. ಸೋಮವಾರದಿಂದ ಬೇರೆಯವರನ್ನು ಕೂರಿಸುತ್ತೇನೆ" ಎಂದ.

ಸರಸಳಿಗೆ ಮೈಯೆಲ್ಲ ಉರಿದುಹೋಯಿತು. ಆ ಬಲೆಯನ್ನೇ ಮೀನಿನ ಬುಟ್ಟಿಗೆ ತುರುಕಿ, ಗಂಡನನ್ನು ಎಬ್ಬಿಸಿಕೊಂಡು ಮಣಿಪಾಲದ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಅವಳು ಹಳದಿ ಮಾತ್ರೆಯ ಕತೆ ಹೇಳಿದಾಗ ಡಾಕ್ಟರ್ ಇಮ್ಯಾನುಯೆಲ್ ನಕ್ಕರು. "ಕಂಪೆನಿ ಬೇರೆ, ಮದ್ದು ಅದೇ ಅಮ್ಮ. ಬಣ್ಣ ಬದಲಾಯಿತಲ್ಲ, ಅದಕ್ಕೆ ನಿಮಗೆ ಹಾಗೆ ಕಾಣುತ್ತದೆ. ಮನಸ್ಸಿನ ಭ್ರಮೆ."

ಭ್ರಮೆಯಂತೆ, ಭ್ರಮೆ! ಸರಸ ಬುಟ್ಟಿಯನ್ನು ಮೇಜಿನ ಮೇಲೆ ಮಗುಚಿದಳು. ಬಾಗಿಲಲ್ಲಿ ನಿಂತವರು ಮೂಗು ಮುಚ್ಚಿಕೊಂಡರು. ಮುಚ್ಚಿಕೊಳ್ಳಲಿ.

"ಇಲ್ಲಿವರೆಗೆ ಬಿಳಿ ಮಾತ್ರೆ, ಇಲ್ಲಿಂದ ಹಳದಿ. ತಪ್ಪಿದ ಕಣ್ಣು ಎಷ್ಟುಂಟು, ನೀವೇ ಎಣಿಸಿ ಡಾಕ್ಟ್ರೇ. ಭ್ರಮೆ ನನಗೆ ಇರಬಹುದು. ಬಲೆಗೂ ಉಂಟಾ?"

ಡಾಕ್ಟರು ಬೆರಳಿಟ್ಟು ಎಣಿಸಿದರು. ಹನ್ನೊಂದಕ್ಕೆ ಬರುವಾಗ ಮುಖದಲ್ಲಿ ನಗು ಇರಲಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಮರುದಿನ ಗಂಡ ಹೆಂಡತಿ ಮತ್ತೆ ಹೋದರು. ರಿಪೋರ್ಟು ಬಂದಿತ್ತು. ರಕ್ತದಲ್ಲಿ ಮದ್ದು ಬೇಕಾದಷ್ಟು ಇರಲಿಲ್ಲ.

"ಎಲ್ಲರಿಗೂ ಹೀಗಾಗುವುದಿಲ್ಲ, ಇವರಿಗೆ ಆಗಿದೆ. ಹಳೆಯ ಮಾತ್ರೆಯನ್ನೇ ಕೊಡಿ. ನಾನು ನಿನ್ನೆಯೇ ನಿಮ್ಮ ಮಾತು ಕೇಳಬೇಕಿತ್ತು" ಎಂದು ಡಾಕ್ಟರು ಚೀಟಿ ಚಾಚಿದರು.

ಸರಸ ಚೀಟಿ ತೆಗೆದುಕೊಂಡಳು, ಏಳಲಿಲ್ಲ. "ಇದು ಮೆಡಿಕಲ್‌ನವರಿಗೆ ಆಯಿತು. ನಮ್ಮ ಧಣಿಗೆ ಎಂತ ತೋರಿಸಲಿ? ತಪ್ಪಿದ್ದು ಮಾತ್ರೆ, ಇವರ ಕೈಯಲ್ಲ ಅಂತ ಬರೆದು ಸಹಿ ಹಾಕಿ. ಕನ್ನಡದಲ್ಲಿ."

"ನನಗೆ ಕನ್ನಡ ಬರೆದು ಅಭ್ಯಾಸ ಇಲ್ಲ ಅಮ್ಮ."

"ನಿಧಾನಕ್ಕೆ ಬರೆಯಿರಿ," ಎಂದು ಸರಸ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು. "ಅಕ್ಷರ ತಪ್ಪಿದರೆ ನಾನು ಹೇಳುತ್ತೇನೆ."