ಬೇರು, ಕಲ್ಲು, ಎಡಕ್ಕೆ

ಮಣಿಕಟ್ಟಿನ ಮೂಳೆ ಪೂರ್ತಿ ಕೂಡಿಕೊಂಡಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು ತಮ್ಮನಿಗೆ ಫೋನು ಮಾಡಿದಳು.

"ಭಾನುವಾರ ಕಾಡಿಗೆ ನಾನೇ ಬರ್ತೀನಿ ಕಣೋ. ಆ ಮೌನಿಗೆ ರಜಾ ಕೊಟ್ಬಿಡು."

ತಮ್ಮ, "ಬಾ ಅಕ್ಕಾ, ಬಾ. ನಿನ್ನ ಸೈಕಲ್ಲೂ ತಗೊಂಡು ಬಾ" ಎಂದ.

ಬೇರೆ ಯಾರಿಗಾದರೂ ಅರ್ಥವಾಗಲು ಅಷ್ಟೇ ಸಾಕಿತ್ತು. ಅಕ್ಕನಿಗೆ ಬುದ್ಧಿ ಕಡಿಮೆಯೇನಲ್ಲ, ಆದರೆ ತಮ್ಮನ ವಿಷಯ ಬಂದಾಗ ಅದನ್ನು ಎಲ್ಲೋ ಇಟ್ಟು ಮರೆತುಬಿಡುತ್ತಿದ್ದಳು.

ತಮ್ಮನಿಗೆ ಕಣ್ಣು ಕಾಣುವುದಿಲ್ಲ. ಶಾಲೆಯ ಕೊನೆಯ ವರ್ಷಗಳಲ್ಲಿ ಮಸುಕಾಗುತ್ತ ಬಂದ ದೃಷ್ಟಿ ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಪೂರ್ತಿ ಹೋಗಿತ್ತು. ಹಾಗೆಂದು ಅವನು ಮೂಲೆ ಹಿಡಿದವನಲ್ಲ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುತ್ತಾನೆ, ಹೆಂಡತಿಯಿದ್ದಾಳೆ, ಬಾಯಿ ಮುಚ್ಚದ ಮಗಳಿದ್ದಾಳೆ. ಮದುವೆಯಾಗದೆ ಉಳಿದವಳು ಅಕ್ಕ. ಯಾಕೆಂದು ಕೇಳಿದವರಿಗೆಲ್ಲ, "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದಳು.

ಜೋಡಿ ಸೈಕಲ್ಲು ಅವಳದೇ ಉಪಾಯ. ಎರಡು ಸೀಟು, ಎರಡು ಜೊತೆ ಪೆಡಲು. ತಿರುಗುವ ಹ್ಯಾಂಡಲು ಮಾತ್ರ ಒಂದೇ, ಅದು ಮುಂದೆ ಕೂತವರ ಕೈಯಲ್ಲಿ. ಊರಾಚೆಯ ಮೀಸಲು ಅರಣ್ಯದಲ್ಲಿ ಗುಡ್ಡ ಹತ್ತಿ ಇಳಿಯುವ ಕಾಲುದಾರಿಗಳಿದ್ದವು: ಬೇರು, ಬಂಡೆ, ಜಾರುವ ಜಲ್ಲಿ, ಒಂದು ಮಗ್ಗುಲಿಗೆ ಪ್ರಪಾತ. ಕಣ್ಣಿದ್ದವರೇ ದೇವರ ಹೆಸರು ಹೇಳಿಕೊಂಡು ಇಳಿಯುವ ದಾರಿ ಅದು. ಅಕ್ಕ ಮುಂದೆ ಕೂತು ದಾರಿಯನ್ನು ಇದ್ದದ್ದು ಇದ್ದ ಹಾಗೆ ಕೂಗಿ ಹೇಳುತ್ತಿದ್ದಳು. "ಬೇರು! ಕಲ್ಲು! ಎಡಕ್ಕೆ! ತಲೆ ಬಗ್ಗಿಸು! ಇಳಿಜಾರು, ಹಿಂದಕ್ಕೆ ಸರಿ!" ಅವಳು "ಎಡಕ್ಕೆ" ಎಂದರೆ ತಮ್ಮನ ಮೈ ತಾನಾಗಿ ಎಡಕ್ಕೆ ವಾಲುತ್ತಿತ್ತು. ತಮ್ಮನ ಕಣ್ಣು ತನ್ನ ನಾಲಿಗೆಯ ಮೇಲಿದೆ ಎಂದು ಅವಳು ಹೇಳಿಕೊಳ್ಳುತ್ತಿದ್ದಳು, ಹೇಳುವಾಗ ಕೊಂಚ ಬೀಗುತ್ತಲೂ ಇದ್ದಳು.

ವಾರದ ಉಳಿದ ದಿನಗಳಲ್ಲಿ ಆ ನಾಲಿಗೆಗೆ ಕೆಲಸವೇ ಇರಲಿಲ್ಲ. ಅಕ್ಕನದು ಹಲ್ಲಿನ ಸೆಟ್ಟು ತಯಾರಿಸುವ ಉದ್ಯೋಗ. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಒಸಡನ್ನು ಮೇಣದಲ್ಲಿ ತಿದ್ದಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಬೇಕು. ಔಷಧಿ ಅಂಗಡಿಯ ಮೇಲೊಂದು ಕೋಣೆ, ಕಿಟಕಿಗೆ ಒತ್ತಿದ ಮೇಜು, ಮೇಣ ಕಾಯಿಸಲು ಸ್ಪಿರಿಟ್ ದೀಪ, ಕಪಾಟಿನ ತುಂಬ ಯಾರ್ಯಾರದೋ ದವಡೆ. ಬೆಳಿಗ್ಗೆ ಒಬ್ಬ ಅಚ್ಚುಗಳ ಡಬ್ಬಿ ಇಟ್ಟು ಹೋಗುತ್ತಿದ್ದ, ಸಂಜೆ ಇನ್ನೊಬ್ಬ ತಯಾರಾದ ಸೆಟ್ಟು ಎತ್ತಿಕೊಂಡು ಹೋಗುತ್ತಿದ್ದ. ಊರಿನ ಎಷ್ಟೋ ಜನ ಅವಳು ಕೂರಿಸಿದ ಹಲ್ಲು ಕಿಸಿದು ನಗುತ್ತಿದ್ದರು. ಅವರಲ್ಲಿ ಒಬ್ಬರೂ ಅವಳ ಜೊತೆ ಮಾತಾಡಿದವರಲ್ಲ. ಭಾನುವಾರ ತಮ್ಮನ ಮನೆ ಬಾಗಿಲಲ್ಲಿ "ಹೊರಡೋಣ್ವಾ?" ಎನ್ನುವ ಮೊದಲು ಅವಳು ಒಂದೆರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು.

ಚಳಿ ಶುರುವಾಗುವ ಹೊತ್ತಿಗೆ ಅವಳು ಬಿದ್ದು ಕೈ ಮುರಿದುಕೊಂಡಳು. ಕಾಡಿನಲ್ಲಲ್ಲ, ಬಚ್ಚಲುಮನೆಯಲ್ಲಿ. ಇಷ್ಟು ವರ್ಷ ಬಂಡೆಗಳ ಮೇಲಿಂದ ಇಳಿದವಳನ್ನು ಒಂದು ಸೋಪಿನ ಚೂರು ಕೆಡವಿತು. ಅವಳ ಬದಲಿಗೆ ಸೈಕಲ್ ರಿಪೇರಿ ಅಂಗಡಿಯವನು ಮುಂದಿನ ಸೀಟು ಹತ್ತಿದ. ತುಟಿ ಪಿಟಕ್ಕೆನ್ನದ ಆಸಾಮಿ. ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಮಾತೇ ಆಡದವನು ಕುರುಡನಿಗೆ ದಾರಿ ಹೇಗೆ ತೋರಿಸುತ್ತಾನೆ? ಆ ತಿಂಗಳುಗಳಲ್ಲಿ ಪ್ರತಿ ಭಾನುವಾರವೂ ಅಕ್ಕ, ತಮ್ಮನು ಮನೆ ಸೇರಿದನೆಂದು ಫೋನು ಬರುವ ತನಕ ಜೀವ ಕೈಯಲ್ಲಿ ಹಿಡಿದು ಕೂತಿರುತ್ತಿದ್ದಳು.

ಈ ಭಾನುವಾರ ಅವಳು ಅರಣ್ಯದ ಗೇಟಿನ ಹತ್ತಿರ ಬಂದಾಗ ಮೌನಿ ಮುಂದಿನ ಸೀಟಿನಲ್ಲೇ ಇದ್ದ, ಹೆಲ್ಮೆಟ್ ಬಿಗಿದುಕೊಂಡು. ಅವಳ ಮುಖ ಸಪ್ಪಗಾಯಿತು.

"ಇವತ್ತೊಂದು ದಿನ ಇವರ ಜೊತೆ ಇರ್ತೀನಿ ಅಕ್ಕಾ," ಎಂದ ತಮ್ಮ. "ನೀನು ನಿನ್ನ ಸೈಕಲ್ಲಲ್ಲಿ ಹಿಂದೇನೇ ಬಾ. ಕೈಗೂ ಸ್ವಲ್ಪ ಅಭ್ಯಾಸ ಆಗ್ಲಿ."

"ನನ್ನ ಕೈಗೇನಾಗಿದೆ?"

"ಏನೂ ಆಗಿಲ್ಲ. ಬಾ."

ಸರಿ, ನೋಡಿಯೇ ಬಿಡೋಣ ಎಂದು ಅವಳು ಹಿಂದೆ ಬಿದ್ದಳು. ಮೌನಿ ಏನಾದರೂ ಎಡವಟ್ಟು ಮಾಡಲಿ, ಇವತ್ತೇ ಸೀಟು ಕೈಗೆ ಬರಲಿ ಎಂಬ ಆಸೆಯೂ ಇತ್ತು. ಅದನ್ನು ಮುಚ್ಚಿಟ್ಟು ಅವಳನ್ನು ದೇವತೆ ಮಾಡುವುದು ಬೇಡ.

ಏರಿನಲ್ಲಿ ಮೌನಿ ಒಂದು ಮಾತೂ ಆಡಲಿಲ್ಲ. ಅಡ್ಡಬಿದ್ದ ಮರ ಬಂದಾಗಲೂ ಇಲ್ಲ. ತಮ್ಮ ಮಾತ್ರ ಯಾರೋ ಕಿವಿಯಲ್ಲಿ ಹೇಳಿದವನಂತೆ ಸೀಟಿನಿಂದ ಎದ್ದ, ವಾಲಿದ, ಮತ್ತೆ ಕೂತ. ಅವನ ಮುಖ ಪಕ್ಕಕ್ಕೆ ತಿರುಗಿದಾಗ ಅಲ್ಲಿದ್ದ ನಗು ಅಕ್ಕನಿಗೆ ಕಾಣಿಸಿತು. ಅವಳ ಹಿಂದೆ ಕೂತಾಗಲೂ ಹೀಗೇ ನಗುತ್ತಿದ್ದನೋ ಇಲ್ಲವೋ, ಅವಳಿಗೆ ಗೊತ್ತಾಗುವಂತಿರಲಿಲ್ಲ. ಮುಂದೆ ಕೂತವರಿಗೆ ಹಿಂದಿನವರ ಮುಖ ಕಾಣುವುದಿಲ್ಲ.

ಇಳಿಜಾರು ಶುರುವಾಯಿತು. ಸೈಕಲ್ಲುಗಳಿಗೆ ವೇಗ ಬಂತು. ಮುಂದೆ ಜೋಡಿ ಸೈಕಲ್ಲು ಬಂಡೆ ಕೊರೆದು ಮಾಡಿದ ಕಿರಿದಾದ ತಿರುವಿಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಅಕ್ಕನ ಮುಂದಿನ ಚಕ್ರದೆದುರು ತೋಳಿನಷ್ಟು ದಪ್ಪನೆಯ ಬೇರೊಂದು ಎದ್ದು ನಿಂತಿತು. ಅವಳು ಯೋಚಿಸಲಿಲ್ಲ. ಯೋಚಿಸುವ ಮೊದಲೇ ಬಾಯಿ ತೆರೆದಿತ್ತು.

"ಬೇರು! ಎಡಕ್ಕೆ!"

ತಮ್ಮ ಎಡಕ್ಕೆ ವಾಲಿದ. ಅವನ ಎಡಕ್ಕಿದ್ದದ್ದು ಪ್ರಪಾತ. ಹಿಂದಿನಿಂದ ಬಿದ್ದ ಭಾರಕ್ಕೆ ಸೈಕಲ್ಲು ಓಲಾಡಿತು, ಮೌನಿ ಹ್ಯಾಂಡಲನ್ನು ಬಲಕ್ಕೆ ಎಳೆದ, ಇಬ್ಬರೂ ಬಂಡೆಗೆ ಉಜ್ಜಿಕೊಂಡು ದಾರಿಯಲ್ಲೇ ದೊಪ್ಪೆಂದು ಬಿದ್ದರು. ಇನ್ನೊಂದು ಗೇಣು ಆಚೆಗಾಗಿದ್ದರೆ ಕೆಳಗಿನ ಮರಗಳ ತಲೆ ಮೇಲೆ ಬೀಳುತ್ತಿದ್ದರು.

ಅಕ್ಕ ಸೈಕಲ್ಲು ಬಿಸಾಕಿ ಓಡಿದಳು. ತಮ್ಮನ ಮೊಣಕೈ ಕೆತ್ತಿಹೋಗಿತ್ತು, ಅಷ್ಟೇ. ಮೌನಿ ಎದ್ದು ಬಟ್ಟೆ ಝಾಡಿಸಿಕೊಂಡ.

"ಅದು ನಿಮ್ಮ ಚಕ್ರದ ಮುಂದಿನ ಬೇರು. ನಾವು ಆಗ್ಲೇ ದಾಟಿದ್ವಿ," ಎಂದ. ಅವನ ಬಾಯಲ್ಲಿ ಅವಳು ಕೇಳಿದ ಮೊದಲ ಪೂರ್ತಿ ಮಾತು ಅದು. ಅದರಲ್ಲಿ ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಸೈಕಲ್ಲನ್ನು ಆಚೆಗೆ ತಳ್ಳಿಕೊಂಡು ಹೋಗಿ ಚೈನು ಸರಿಮಾಡತೊಡಗಿದ.

ಅಕ್ಕ ತಮ್ಮನ ಕೈಗೆ ನೀರು ಹಾಕಿ ಒರೆಸಿದಳು.

"ಏನೂ ಆಗಿಲ್ಲ ಬಿಡು ಅಕ್ಕಾ."

"ಅವರು ಒಂದು ಮಾತೂ ಹೇಳಲ್ವಲ್ಲೋ. ನಿಂಗೆ ಭಯ ಆಗಲ್ವಾ?"

"ಮೊದಮೊದಲು ಆಗ್ತಿತ್ತು. ಆಮೇಲೆ ಕಾಲಿಗೇ ಗೊತ್ತಾಗೋಕೆ ಶುರುವಾಯ್ತು. ಅವರು ಬ್ರೇಕ್ ಹಿಡಿಯೋಕೆ ಮುಂಚೆ ಪೆಡಲ್ ಒಂಚೂರು ತಡೆಯುತ್ತೆ. ವಾಲೋಕೆ ಮುಂಚೆ ಸೀಟು ಹೇಳುತ್ತೆ." ಅವನು ಕಿವಿಗೊಟ್ಟ. "ಈ ತಿರುವಿನ ಕೆಳಗೆ ಒಂದು ತೊರೆ ಇದೆ, ಕೇಳು. ಇಷ್ಟು ಸಲ ಬಂದಿದೀವಿ, ನೀನು ಒಂದ್ಸಲಾನೂ ಹೇಳಿರ್ಲಿಲ್ಲ."

ಹೇಳಿರಲಿಲ್ಲ, ನಿಜ. ತೊರೆ ಚಕ್ರಕ್ಕೆ ಅಡ್ಡ ಬರುತ್ತಿರಲಿಲ್ಲವಲ್ಲ. ಅದೂ ಅಲ್ಲದೆ ತನ್ನ ಕೂಗಿನಲ್ಲಿ ಅವಳಿಗೂ ಅದು ಕೇಳಿಸಿರಲಿಲ್ಲ.

"ಇನ್ಮೇಲೆ ಅವರ ಜೊತೇನೇ ಹೋಗ್ತೀಯ?"

"ಹೂಂ ಅಕ್ಕಾ."

"ಫೋನಲ್ಲೇ ಹೇಳ್ಬಹುದಿತ್ತಲ್ಲೋ."

ತಮ್ಮ ಅವಳ ಮಣಿಕಟ್ಟನ್ನು ಹಿಡಿದು, ಮೂಳೆ ಕೂಡಿದ ಜಾಗವನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿದ, ಆಸ್ಪತ್ರೆಯಲ್ಲಿ ರೋಗಿಗಳಿಗೆ ಒತ್ತುವ ಹಾಗೆ. "ಬಾಯಿ ಬರ್ಲಿಲ್ಲ. ವಾರವೆಲ್ಲ ನೀನು ಯಾರ ಹತ್ರ ಮಾತಾಡ್ತೀಯ ಅಂತ ನಂಗೊತ್ತಿಲ್ವಾ?"

ಅಕ್ಕ ಕೈ ಬಿಡಿಸಿಕೊಂಡಳು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಇಷ್ಟು ವರ್ಷ ತಮ್ಮನಿಗೆ ಕಣ್ಣಾಗಿದ್ದೇನೆ ಎಂದುಕೊಂಡಿದ್ದಳು. ಕಳೆದ ಕೆಲವು ತಿಂಗಳುಗಳಲ್ಲಂತೂ ಅವನೇ ಅವಳ ಮೇಲೆ ಕರುಣೆಯಿಟ್ಟು ಸುಮ್ಮನಿದ್ದ. ಅದರಿಂದ ಅವಳಿಗೆ ತಡೆಯಲಾರದಷ್ಟು ನೋವಾಯಿತು.

"ಮುಂದಿನ ವಾರಾನೂ ಬರ್ಬೇಕು ನೀನು," ಎಂದ ತಮ್ಮ. "ಬರ್ತೀಯ ತಾನೆ? ನೀನು ಬರೋದು ನಂಗೆ ಬೇಕು."

"ಬರ್ತೀನಿ ಕಣೋ. ಎಲ್ಲಿಗೆ ಹೋಗ್ತೀನಿ? ಈಗ ನೀವು ನಡೀರಿ. ನನ್ನ ಬ್ರೇಕ್ ಸ್ವಲ್ಪ ನೋಡ್ಕೊಂಡು ಬಂದೆ."

"ಮೌನಿ ನೋಡ್ತಾರೆ ಇರು."

"ಬೇಡ ಕಣೋ ಮಾರಾಯ. ಹೋಗ್ತಾ ಇರಿ."

ಅವರು ಹೊರಟರು. ಬ್ರೇಕಿಗೆ ಏನೂ ಆಗಿರಲಿಲ್ಲ. ಅಕ್ಕ ಬಂಡೆಯ ಮೇಲೆ ಕೂತು, ಜೋಡಿ ಸೈಕಲ್ಲಿನ ಚೈನಿನ ಸದ್ದು ಸಣ್ಣಗಾಗಿ, ಮರಗಳ ನಡುವೆ ಕರಗಿಹೋಗುವವರೆಗೂ ಆಲಿಸಿದಳು. ಹೊರಡಲೆಂದು ಎದ್ದವಳು ಮತ್ತೆ ಕೂತಳು. ತನ್ನ ಬಾಯನ್ನು ಅವಳು ಇನ್ನು ನಂಬುವಂತಿರಲಿಲ್ಲ. ಅದು ತಪ್ಪಿ ತೆರೆದರೂ ತಮ್ಮನ ಕಿವಿಗೆ ಬೀಳದಷ್ಟು ದೂರ ಅವನು ಹೋಗಲಿ ಎಂದು ಕಾದಳು.