ಹದ್ದಿನ ನಾಣ್ಯಕ್ಕೆ ಹುಣಸೆಹುಳಿ

“ಬಾಯಿ ತೆಗಿಯವಾ ಶಮಶಾದ, ಮಂದಿ ಕಾಯಾಕತ್ತಾರ,” ಎಂದು ಅಮೀನಬಿ ತಮ್ಮನ ಹೆಂಡತಿಯ ಭುಜ ಹಿಡಿದು ಅಲುಗಿಸಿದಳು.

ನಡುಮನೆಯಲ್ಲಿ ಬುಡ್ಡೇಸಾಬನಿಗೆ ಕಫನ್ ಹೊದಿಸಿಯಾಗಿತ್ತು. ಮುಖವೊಂದು ತೆರೆದಿತ್ತು. ಲಕ್ಷ್ಮೇಶ್ವರದ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿ ಬೆಳ್ಳಗೆ ಮಾಡಿದ ಮನುಷ್ಯ, ಕಲಾಯಿಗೆ ಉದುರಿಸುವ ನವಸಾಗರದ ಹೊಗೆ ಕುಡಿದು ಕುಡಿದು ಕೆಮ್ಮಿಯೇ ಹೋದ. ಹೆಣ ಎತ್ತುವ ಮುಂಚೆ ಹೆಂಡತಿಯಾದವಳು ಮೆಹರ್ ಮಾಫ್ ಮಾಡಿದೆ ಅನ್ನಬೇಕು. ಮದುವೆಯಲ್ಲಿ ಗಂಡ ಒಪ್ಪಿಕೊಂಡು ಕೊಡದೇ ಉಳಿದದ್ದನ್ನು ಬಿಟ್ಟುಕೊಡಬೇಕು. ಅಷ್ಟೇ ಮಾತು. ಶಮಶಾದಬಿಯ ಬಾಯಿಂದ ಅದು ಹೊರಡಲೊಲ್ಲದು.

“ಅಂಥಾ ಗಂಡನ ಮ್ಯಾಲೆ ಸಿಟ್ಟೇನವಾ ನಿಂಗ? ಒಂದಿನಾ ದನಿ ಏರಿಸಿದಾಂವಲ್ಲ,” ಎಂದು ಪಕ್ಕದ ಮನೆಯ ಸಿದ್ದಲಿಂಗವ್ವ ಕಣ್ಣೊರೆಸಿಕೊಂಡಳು.

ಆ ಮಾತೇ ಶಮಶಾದಬಿಯ ಎದೆಗೆ ನಾಟಿತು.

*

ಎಪ್ಪತ್ತೆಂಟನೇ ಇಸವಿಯಲ್ಲಿ ನಡೆದದ್ದು. ಬುಡ್ಡೇಸಾಬನಿಗೆ ಹಳೇ ನಾಣ್ಯಗಳ ಹುಚ್ಚು. ಕಲಾಯಿಗೆಂದು ಊರೂರು ತಿರುಗುವಾಗ ಸಿಕ್ಕಿದ್ದನ್ನೆಲ್ಲ ಕೂಡಿಟ್ಟ. ಕೊನೆಗೆ ಅಷ್ಟನ್ನೂ ಕೊಟ್ಟು, ಮೇಲೆ ಗಂಟನ್ನೂ ಸುರಿದು, ಹಡಗಿನಲ್ಲಿ ದುಡಿದು ಬಂದಿದ್ದ ಮುಂಡರಗಿಯ ಮುದುಕನೊಬ್ಬನಿಂದ ಅಮೆರಿಕದ ಬಂಗಾರದ ನಾಣ್ಯ ತಂದ. ಒಂದು ಮಗ್ಗಲು ಹೆಣ್ಣಿನ ಮುಖ, ಇನ್ನೊಂದು ಮಗ್ಗಲು ರೆಕ್ಕೆ ಬಿಚ್ಚಿದ ಹದ್ದು.

“ಇದನ್ನ ಮಾರಿ ಗದಗಿನ್ಯಾಗ ಭಾಂಡೆ ಅಂಗಡಿ ಹಾಕೂನು. ಈ ಹೊಗಿ ಸಾಕಾತು,” ಎನ್ನುತ್ತಿದ್ದ.

ಹುಬ್ಬಳ್ಳಿಯಿಂದ ಕೊಳ್ಳುವವನು ಬರುವ ದಿನ ಶಮಶಾದಬಿ ನಾಣ್ಯ ನೋಡಿದಳು. ಕೊಳೆ ಹಿಡಿದು ಮಂಕಾಗಿತ್ತು. ಕಲಾಯಿಯವನ ಹೆಂಡತಿ, ಹೊಳೆದದ್ದಕ್ಕೇ ಬೆಲೆ ಎಂದು ತಿಳಿದವಳು. ಹುಣಸೆಹುಳಿ, ಬೂದಿ ಹಾಕಿ, ತೆಂಗಿನ ನಾರಿನಿಂದ ಫಳಫಳ ಅನ್ನುವಂತೆ ತಿಕ್ಕಿದಳು.

ಬಂದವನು ಭೂತಗನ್ನಡಿ ಹಿಡಿದು ಮುಖ ಕಿವುಚಿದ.

“ಮೈತುಂಬ ಗೀರು ಬಿದ್ದಾವು. ಹಳೇ ನಾಣ್ಯದ ಬೆಲಿ ಹೋತು. ಇನ್ನ ಇದು ಬರೇ ಬಂಗಾರ, ತೂಕದ ರೇಟು ಅಷ್ಟ. ಯಾರ್ರಿ ತಿಕ್ಕಿದವರು?”

ಬಾಗಿಲ ಮರೆಯಲ್ಲಿ ನಿಂತ ಹೆಂಡತಿಯ ಉಗುರಿನಲ್ಲಿ ಬೂದಿಯಿತ್ತು. ಬುಡ್ಡೇಸಾಬ ಅದನ್ನು ನೋಡಿದ.

“ನಾನ ರೀ. ಕಲಾಯಿ ಕೈ, ಸುಮ್ಮನ ಕುಂಡ್ರಂಗಿಲ್ಲ,” ಎಂದು ನಕ್ಕ.

ನಾಣ್ಯ ತೂಕಕ್ಕೆ ಹೋಯಿತು. ಅಂಗಡಿಯ ಮಾತು ಅಲ್ಲಿಗೇ ನಿಂತಿತು. ಮರುದಿನ ಮತ್ತೆ ಒಲೆಯ ಮುಂದೆ ತಿದಿ ಒತ್ತುತ್ತ ಕೂತ. ಬೈಯಲಿಲ್ಲ, ಆ ಸುದ್ದಿಯನ್ನೇ ಎತ್ತಲಿಲ್ಲ. ಬೈದಿದ್ದರೆ ಅವಳು ಕಾಲು ಹಿಡಿದು ಮಾಫಿಯನ್ನಾದರೂ ಕೇಳುತ್ತಿದ್ದಳು. ಅವನು ಕೆಮ್ಮಿದಾಗೊಮ್ಮೆ ಇದು ತನ್ನ ಕೈಯ ಕೆಲಸ ಅನ್ನಿಸಿ ಒಳಗೊಳಗೇ ಬೇಯುತ್ತಿದ್ದಳು.

*

“ಜನಾಜಾ ಎತ್ತೂನೇನ್ರಿ?” ಹೊರಗಿನಿಂದ ಗಂಡಸರು ಕೂಗಿದರು.

“ಅವರ ತಪ್ಪು ಏನೂ ಇಲ್ಲ ಆಪಾ,” ಎಂದಳು ಶಮಶಾದಬಿ. “ಮಾಫ್ ಮಾಡಬೇಕಾದವರು ಅವರು.”

“ಹುಚ್ಚಿ, ಸತ್ತಾಂವ ಮಾತಾಡತಾನೇನ? ನೀ ಅನ್ನ ಮೊದಲ.”

ಅವಳು ಸರಿದು ಬಂದು ಗಂಡನ ಮುಖದ ಮೇಲೆ ಬಾಗಿದಳು.

“ಮಾಫ್ ಮಾಡೀನ್ರಿ.”

ಹೆಂಗಸರು ಉಸಿರು ಬಿಟ್ಟರು. ಮುಖ ಮುಚ್ಚಲೆಂದು ಅಮೀನಬಿ ಕಫನ್ನಿನ ಅಂಚಿಗೆ ಕೈ ಹಾಕಿದಳು. ಶಮಶಾದಬಿ ಆ ಕೈಯನ್ನು ತಡೆದಳು.

“ಈಗ ನೀವು ಅನ್ರಿ,” ಎಂದು ಅವನ ಬಾಯಿಯ ಹತ್ತಿರ ಕಿವಿ ಇಟ್ಟಳು.

ಗಂಡಸರು ಬಾಗಿಲಿಗೆ ಬಂದು ನಿಂತರು. “ಏಳ್ರಿ ಭಾಬಿ, ಹೊತ್ತಾತು,” ಎಂದ ಒಬ್ಬ. ಶಮಶಾದಬಿ ಇನ್ನೊಂದು ಕಿವಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡಳು.