ಬೀರುವಿನೊಳಗಿನ ಕಿವಿ

ದುಗ್ಗಮ್ಮನ ಮನೆಯಲ್ಲಿ ಇವತ್ತು ಏನು ಸಾರು ಎಂಬುದು ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೂ ಗೊತ್ತಾಗುತ್ತಿತ್ತು. ಐದನೇ ವಯಸ್ಸಿನಲ್ಲಿ ಬಂದ ಜ್ವರ ಮಗಳು ಗಂಗಾಳ ಕಿವಿಯನ್ನು ಮುಕ್ಕಾಲು ಪಾಲು ಕೊಂಡೊಯ್ದಿತ್ತು. ಅಂದಿನಿಂದ ‘ಊಟಕ್ಕೆ ಬಾ’ ಎನ್ನುವುದನ್ನೂ ಕೂಗಿಯೇ ಹೇಳಬೇಕು. ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಹೆಂಗಸಿಗೆ ರಟ್ಟೆಯ ಜೊತೆ ಗಂಟಲೂ ಗಟ್ಟಿ ಇದ್ದದ್ದು ಪುಣ್ಯ.

ಎಂಬತ್ತೊಂದನೇ ಇಸವಿ ಅಂಗವಿಕಲರ ವರ್ಷವೆಂದು ಎಲ್ಲೋ ದೂರದಲ್ಲಿ ತೀರ್ಮಾನವಾದದ್ದೇ ತಡ, ತೀರ್ಥಹಳ್ಳಿಯ ಸೇವಾಸಂಘದ ಅಧ್ಯಕ್ಷ ಮುಕುಂದಯ್ಯನವರಿಗೆ ತುರ್ತಾಗಿ ಒಬ್ಬರು ಅಂಗವಿಕಲರು ಬೇಕಾದರು. ಗಂಗಾ ಸಿಕ್ಕಳು. ಎದೆಗೆ ತೂಗುಹಾಕಿಕೊಳ್ಳುವ ಸಣ್ಣ ಡಬ್ಬಿ, ಒಳಗೊಂದು ಪೆನ್ಸಿಲ್ ಸೆಲ್ಲು, ಅದರಿಂದ ಕಿವಿಗೊಂದು ವಯರು. ಕಿವಿ ಮಿಷನ್. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಮಿಷನ್ನಿಗೆ ಹಾರ ಹಾಕಿ, ಕಿವುಡರ ಕಷ್ಟದ ಬಗ್ಗೆ ಐದು ಜನ ಎರಡು ಗಂಟೆ ಕೊರೆದರು. ಮಿಷನ್ ಕೊಟ್ಟದ್ದು ವಂದನಾರ್ಪಣೆಯ ಹೊತ್ತಿಗಾದ್ದರಿಂದ ಗಂಗಾಳಿಗೆ ಆ ಭಾಷಣಗಳು ಕೇಳಿಸಲಿಲ್ಲ. ಅಷ್ಟರ ಮಟ್ಟಿಗೆ ಅವಳ ಅದೃಷ್ಟ ಚೆನ್ನಾಗಿತ್ತು.

ಒಂದು ತಿಂಗಳು ಗಂಗಾ ಅದನ್ನು ಹಾಕಿಕೊಂಡು ಓಡಾಡಿದಳು. ವಾಗ್ದೇವಿ ಟೀಚರು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ದಿನವೂ ಉಕ್ತಲೇಖನ ಬರೆಸಿದರು. ಹುಡುಗಿಯರು ಆಟಕ್ಕೆ ಕರೆದರು. ಕುಂಟೆಬಿಲ್ಲೆ ಆಡುವಾಗ ಮಿಷನ್ ಎದೆಯ ಮೇಲೆ ಕುಣಿದದ್ದನ್ನು ಹೆಡ್‌ಮಾಸ್ಟರ್ ಮಂಜುನಾಥಪ್ಪ ಕಂಡರು. ಅಂದೇ ದುಗ್ಗಮ್ಮನನ್ನು ಶಾಲೆಗೆ ಕರೆಸಿದರು.

“ನೋಡು ದುಗ್ಗಮ್ಮ, ದೊಡ್ಡೋರು ಕೊಟ್ಟ ವಸ್ತು. ಮಗು ಬೀಳ್ಸಿ ಒಡೆದ್ರೆ ಯಾರು ಜವಾಬ್ದಾರಿ? ಬೀರುವಿನಲ್ಲಿ ಭದ್ರ ಇರ್ತದೆ.”

“ಕಿವಿ ಬೀರುವಿನಲ್ಲಿದ್ರೆ ಹುಡುಗಿಗೆ ಎಂತ ಕೇಳ್ತದೆ ಸಾರ್?”

“ಪರೀಕ್ಷೆ ಟೈಮಿಗೆ ಕೊಡ್ತೀನಲ್ಲ!”

ಆ ಬೀರುವಿನಲ್ಲಿ ಮಕ್ಕಳು ಮುಟ್ಟದ ಗ್ಲೋಬಿತ್ತು, ಯಾರೂ ಬಾರಿಸದ ಹಾರ್ಮೋನಿಯಂ ಇತ್ತು. ಮಿಷನ್ ಅವುಗಳ ಜೊತೆ ಸೇರಿತು. ಆಯುಧಪೂಜೆಯ ದಿನ ಮಾತ್ರ ಹೊರಬಂದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಮಂಗಳಾರತಿ ಮುಗಿಸಿ ಮತ್ತೆ ಒಳಗೆ ಹೋಯಿತು. ಗಂಗಾ ಕೈಮುಗಿದು ಪ್ರಸಾದ ತಿಂದು ಮನೆಗೆ ಬಂದಳು. ದುಗ್ಗಮ್ಮ ಅಂದು ಒಬ್ಬಳೇ ಕೂತು ಅತ್ತಳು. ಅವಳ ಹೆದರಿಕೆ ಬೇರೆಯೇ ಇತ್ತು. ಹುಡುಗಿ ಎಲ್ಲರ ಜೊತೆ ಕಲಿಯಬಲ್ಲಳೋ, ಶಾಲೆಯಿಂದ ಹೆಸರು ತೆಗೆಯಬೇಕೋ ಎಂದು ಸಾಗರದಿಂದ ಇನ್ಸ್‌ಪೆಕ್ಟರ್ ಬಂದು ಬರೆಯುವವರಿದ್ದರು.

ಚಳಿಗಾಲದಲ್ಲಿ, ಮುಂದಿನ ವಾರ ಬರಬೇಕಾಗಿದ್ದ ಇನ್ಸ್‌ಪೆಕ್ಟರ್ ಗಣೇಶಮೂರ್ತಿ ಒಂದು ಬೆಳಗಿನ ಬಸ್ಸಿಗೇ ಬಂದಿಳಿದರು. ಹೆಡ್‌ಮಾಸ್ಟರು ದಡಬಡಿಸಿ ಎದ್ದರು. ಮೇಜಿನ ಮೇಲಿನ ಟ್ರಾನ್ಸಿಸ್ಟರಿನಲ್ಲಿ ಕ್ರಿಕೆಟ್ ಕಾಮೆಂಟರಿ ಬರುತ್ತಿತ್ತು. ಅದನ್ನು ಆರಿಸುವುದನ್ನೂ ಮರೆತು ಬೀರುವಿಗೆ ಓಡಿದರು. ದುಗ್ಗಮ್ಮನಿಗೆ ಹೇಳಿಕಳಿಸಿದರು, ಮಗಳ ಪರವಾಗಿ ಸಂಘಕ್ಕೆ ಕೃತಜ್ಞತೆ ಹೇಳಲಿಕ್ಕೆ. ಅವಳು ಹಿಟ್ಟಿನ ಕೈ ತೊಳೆದು ಬರುವಷ್ಟರಲ್ಲಿ ಗಂಗಾಳ ಎದೆಯ ಮೇಲೆ ಕುಂಕುಮದ ಬೊಟ್ಟಿನ ಮಿಷನ್ ತೂಗುತ್ತಿತ್ತು.

ಇನ್ಸ್‌ಪೆಕ್ಟರು ಎದುರಿಗೆ ನಿಂತು ಕೇಳಿದ ಹೆಸರಿಗೆ, ಊರಿಗೆ, ಏಳೆಂಟ್ಲಿ ಎಷ್ಟೆಂಬ ಮಗ್ಗಿಗೆ ಗಂಗಾ ಟಕಟಕ ಉತ್ತರ ಕೊಟ್ಟಳು. ಮಿಷನ್ ಇಲ್ಲದ ತಿಂಗಳುಗಳಲ್ಲಿ ಅವಳು ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಿದ್ದಳು.

“ಭೇಷ್! ವಿಜ್ಞಾನ ಅಂದ್ರೆ ಇದು” ಎಂದು ಅವರು ಮಿಷನ್ನಿನ ತಲೆ ಸವರಿದರು. “ಈಗ ಬೋರ್ಡಿನ ಕಡೆ ತಿರುಗು. ನಾನು ಹೇಳಿದ್ದನ್ನ ಬರಿ.”

ಗಂಗಾ ತಿರುಗಿ ನಿಂತಳು. “ಗುರುಗಳು ನಮ್ಮ ಕಣ್ಣು ತೆರೆಸುತ್ತಾರೆ” ಎಂದು ಇನ್ಸ್‌ಪೆಕ್ಟರು ಅವಳ ಬೆನ್ನಿಗೆ ಹೇಳಿದರು. ಸೀಮೆಸುಣ್ಣ ಬೋರ್ಡಿನ ಮೇಲೆ ಹಾಗೇ ನಿಂತಿತು. ಮೂರು ಸಲ ಹೇಳಿದರೂ ಒಂದಕ್ಷರವಿಲ್ಲ.

“ಇಷ್ಟು ಒಳ್ಳೇ ಮಿಷನ್ ಕೊಟ್ರೂ ಹೀಗೆ ಅಂದ್ರೆ ಕಷ್ಟ. ಹೆಸರು ತೆಗೆದುಬಿಡಿ.” ಇನ್ಸ್‌ಪೆಕ್ಟರು ಪೆನ್ನು ತೆಗೆದರು.

ದುಗ್ಗಮ್ಮನಿಗೆ ರೇಗಿತು. ದೊಡ್ಡವರ ಮುಂದೆ ಎಂಬ ಸಂಕೋಚ ಎಲ್ಲಿ ಹೋಯಿತೋ, ನುಗ್ಗಿ ಬಂದು ಮಿಷನ್ ಹಿಡಿದು, ಹಿಂದಿನ ಮುಚ್ಚಳ ತೆಗೆದಳು. ಒಳಗೆ ಸೆಲ್ಲೇ ಇರಲಿಲ್ಲ.

“ಸೆಲ್ಲು ಎಲ್ಲಿ ಸಾರ್?” ಎಂದು ಕೂಗಿದಳು. ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು.

“ಅದು... ಒಳಗೇ ಇದ್ರೆ ನೀರು ಬಿಡ್ತದೆ ಅಂತ, ಮುನ್ನೆಚ್ಚರಿಕೆಗೆ...” ಮಂಜುನಾಥಪ್ಪ ತಡವರಿಸಿದರು.

ಗಂಗಾ ಅಮ್ಮನ ಬಾಯನ್ನೇ ನೋಡುತ್ತಿದ್ದಳು. ಸೀಮೆಸುಣ್ಣ ಕೆಳಗಿಟ್ಟು, ನೆಟ್ಟಗೆ ಹೆಡ್‌ಮಾಸ್ಟರ ಮೇಜಿನ ಹತ್ತಿರ ಹೋದಳು. ಮೊನ್ನೆ ಮ್ಯಾಚಿನ ನಡುವೆ ರೇಡಿಯೋ ಸತ್ತಾಗ ಅವರು ಬೀರು ತೆಗೆದದ್ದನ್ನು ಅವಳು ಕಿಟಕಿಯಿಂದ ಕಂಡಿದ್ದಳು. ರೇಡಿಯೋದ ಬೆನ್ನು ಬಿಚ್ಚಿ ತನ್ನ ಸೆಲ್ಲನ್ನು ಮೀಟಿ ತೆಗೆದುಕೊಂಡಳು. ಕಾಮೆಂಟರಿಯಲ್ಲಿ ಓಡಿ ಬರುತ್ತಿದ್ದ ಬೌಲರು ಅರ್ಧದಾರಿಯಲ್ಲೇ ನಿಂತ. ಸೆಲ್ಲು ಮಿಷನ್ನಿಗೆ ಸೇರಿತು. ಗಂಗಾ ವಾಪಸು ಬಂದು ಬೋರ್ಡಿಗೆ ಮುಖಮಾಡಿ ನಿಂತಳು.

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡು ಹಿಂದಿನಿಂದಲೇ ಅದೇ ವಾಕ್ಯ ಹೇಳಿದರು. ‘ಗುರುಗಳು ನಮ್ಮ ಕಣ್ಣು ತೆರೆಸುತ್ತಾರೆ’ ಎಂದು ಗಂಗಾ ದುಂಡಗೆ ಬರೆದಳು. ಬಾಗಿಲಲ್ಲಿ ನಿಂತ ವಾಗ್ದೇವಿ ಟೀಚರು ಸೆರಗು ಬಾಯಿಗೆ ಒತ್ತಿಕೊಂಡರು. ಮಂಜುನಾಥಪ್ಪ ಗ್ಲೋಬನ್ನು ಒರೆಸತೊಡಗಿದರು.

ಇನ್ಸ್‌ಪೆಕ್ಟರು ಭೇಟಿ ಪುಸ್ತಕದಲ್ಲಿ ಎರಡೇ ಸಾಲು ಬರೆದರು. ಹುಡುಗಿ ಇದೇ ಶಾಲೆಯಲ್ಲಿ ಕಲಿಯತಕ್ಕದ್ದು, ಮಿಷನ್ ಅವಳ ಮೈಮೇಲೇ ಇರತಕ್ಕದ್ದು. ಹೆಡ್‌ಮಾಸ್ಟರ ರೇಡಿಯೋವನ್ನು ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದು.

ಸಂಜೆ ದಾರಿಯಲ್ಲಿ ದುಗ್ಗಮ್ಮ ಎಂದಿನಂತೆ, “ಗಂಗಾ, ಇವತ್ತು ಹುರುಳಿ ಸಾರು ಮಾಡ್ಲೇನೇ?” ಎಂದು ಬೀದಿ ಕಿತ್ತುಹೋಗುವ ಹಾಗೆ ಕೂಗಿದಳು.

ಮಗಳು ಬೆಚ್ಚಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

“ಅಮ್ಮಾ, ಮೆಲ್ಲಗೆ ಹೇಳು. ಕೇಳ್ತದೆ.”

ದುಗ್ಗಮ್ಮ ಬಾಯಿ ತೆರೆದಳು. ಮೆಲ್ಲಗೆ ಮಾತಾಡುವುದು ಹೇಗೆಂದು ಅವಳಿಗೆ ತಕ್ಷಣ ನೆನಪಾಗಲಿಲ್ಲ.